ಕುಂಬಳಕಾಯಿಗೆ ಇದ್ದ ನಾಡಿ

ಬೂದುಗುಂಬಳಕಾಯಿಗೆ ನಾಡಿ ಬಡಿಯುತ್ತದೆ. ಮಾಗಳದಲ್ಲಿರುವ ನನ್ನ ಅಕ್ಕನಿಗೆ ಬಡಿಯುವುದಿಲ್ಲ. ಎರಡನ್ನೂ ನಾನು ಈ ಕಣ್ಣಿನಿಂದಲೇ ನೋಡಿದ್ದೇನೆ. ನಂಬುವುದಿಲ್ಲ ಎನ್ನುವ ಧೈರ್ಯ ನಿಮಗಿದ್ದರೆ ಇಲ್ಲಿಗೇ ಮುಚ್ಚಿಟ್ಟು ಎದ್ದು ಹೋಗಿ, ನೋಡೋಣ.

ಹೋಗಲಿಲ್ಲ, ಅಲ್ಲವೇ? ಗೊತ್ತಿತ್ತು. ನನ್ನ ಮಾತು ನಂಬಬಾರದೆಂದು ಕೂಡ್ಲಿಗಿಯಿಂದ ಹರಪನಹಳ್ಳಿಯ ತನಕ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ನಿಂತು ಕೇಳುತ್ತಾರೆ. ಕೊಟ್ಟೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು ನಾನು. ಸುತ್ತಲಿನ ಐದು ಊರುಗಳಲ್ಲಿ ನನ್ನ ದನಿ ಕೇಳದೆ ಮದುವೆಯಾದವರು ಕಡಿಮೆ. ಹರಪನಹಳ್ಳಿಯ ಒಂದು ಮದುವೆಯಲ್ಲಿ ಮದುಮಗ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದಾಗ, 'ಮದುಮಗ ಕಾಣೆಯಾಗಿದ್ದಾನೆ, ಸಿಕ್ಕವರು ತಂದುಕೊಡಬೇಕು' ಎಂದು ಮೈಕಿನಲ್ಲಿ ಕೂಗಿದವನು ನಾನೇ. ಆ ಮದುಮಗನೂ ಕೈತೊಳೆದು ತನ್ನನ್ನೇ ಹುಡುಕಲು ಹೊರಟಿದ್ದ. ಮಾಗಳದಲ್ಲಿ ಹೊಳೆಗೆ ಮೊಸಳೆ ಬಂದಿದೆ ಎಂದು ಕೂಗಿ, ಬಟ್ಟೆ ಒಗೆಯಲು ಹೋದವರನ್ನೆಲ್ಲ ದಂಡೆ ಹತ್ತಿಸಿದ್ದೂ ನಾನೇ. ಅದು ನಮ್ಮ ಅಕ್ಕನ ಊರು. ಈ ಮೊಸಳೆಯನ್ನು ನೆನಪಿಟ್ಟುಕೊಳ್ಳಿ.

ಹರಪನಹಳ್ಳಿಯಲ್ಲಿ ಮೇಷ್ಟ್ರು ಕೆಲಸ ಮಾಡುವ ನನ್ನ ಮಗಳು ಒಂದು ದಿನ ಬಂದು ನನ್ನ ಕೈಗೆ ಒಂದು ಬ್ಯಾಂಡು ಕಟ್ಟಿದಳು. ವಾಚಿನ ಹಾಗೆ ಕಾಣುತ್ತದೆ, ಆದರೆ ಮುಳ್ಳಿಲ್ಲ, ಕೀಲಿ ಇಲ್ಲ. ರಬ್ಬರಿನ ಪಟ್ಟಿ, ಕಪ್ಪು ಗಾಜು. ನನಗೆ ಸಕ್ಕರೆ ಕಾಯಿಲೆ ಬಂದು, ಡಾಕ್ಟರು ನಡೆಯಿರಿ ಎಂದಿದ್ದರು. ನಡೆದೆ ಎಂದು ನಾನು ಫೋನಿನಲ್ಲಿ ಹೇಳಿದ್ದನ್ನು ಮಗಳು ನಂಬಲಿಲ್ಲ. ಸಾಕ್ಷಿಗೆ ಇದನ್ನು ಕಟ್ಟಿದಳು. ಇದು ಹೆಜ್ಜೆ ಎಣಿಸುತ್ತದೆ. ಬೆನ್ನಿನಲ್ಲಿ ಸಣ್ಣ ಹಸಿರು ದೀಪವಿದೆ, ಅದು ಚರ್ಮದೊಳಗೆ ಬೆಳಕು ಬಿಟ್ಟು ನಾಡಿ ಹಿಡಿಯುತ್ತದೆ. ಎಷ್ಟು ಹೊತ್ತು ಮಲಗಿದೆ, ಎಷ್ಟು ಹೊರಳಾಡಿದೆ ಎಂದು ಬರೆದಿಡುತ್ತದೆ. ಎಲ್ಲವೂ ನನ್ನ ಫೋನಿಗೆ ಹೋಗಿ, ಅಲ್ಲಿಂದ ಮಗಳ ಫೋನಿಗೆ ಹೋಗುತ್ತದೆ. ವಾರಕ್ಕೊಮ್ಮೆ ಚಾರ್ಜು, ಸ್ನಾನಕ್ಕೂ ಬಿಚ್ಚಬೇಕಿಲ್ಲ, ಅಡಿಯಲ್ಲಿ ಬೆವರು ನಿಂತರೆ ಮಾತ್ರ ತುರಿಕೆ.

ಒಂದು ವಾರದಲ್ಲಿ ಅದರ ಕಿವಿ ಹಿಂಡಿ ಬಿಟ್ಟೆ. ಕೂಡ್ಲಿಗಿ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂತು ಮುಂದಿನ ಕಂಬಿ ಹಿಡಿದುಕೊಂಡರೆ, ರಸ್ತೆಯ ಗುಂಡಿಗಳನ್ನೆಲ್ಲ ಅದು ಹೆಜ್ಜೆ ಎಂದು ಎಣಿಸುತ್ತದೆ. ಕೂತಲ್ಲೇ ನಾನು ಊರು ದಾಟುತ್ತಿದ್ದೆ, ಮಗಳು ಶಾಭಾಸ್ ಎನ್ನುತ್ತಿದ್ದಳು. ಬ್ಯಾಂಡಿನಲ್ಲಿ ಒತ್ತಿದರೆ ಎಲ್ಲೋ ಮರೆತಿಟ್ಟ ಫೋನು ಕೂಗುತ್ತದೆ. ಕ್ಷೌರದಂಗಡಿಯಲ್ಲಿ ಬೆಂಚಿನ ಕೆಳಗೆ ಫೋನು ಸಿಕ್ಕಿಸಿ, ಹೊರಗೆ ಚಹಾ ಕುಡಿಯುತ್ತ ಒತ್ತಿ, ಅರ್ಧ ಗಡ್ಡ ಹೆರೆಸಿಕೊಂಡವರನ್ನು ಕುರ್ಚಿಯಿಂದ ಎಬ್ಬಿಸಿದ್ದೇನೆ. ಒಮ್ಮೆ ಮಾತ್ರ ಅದು ನನ್ನನ್ನು ಗೆದ್ದಿತು. ಮಠದಲ್ಲಿ ಪುರಾಣ ಕೇಳಿ ಬಂದೆ ಎಂದು ಮಗಳಿಗೆ ಹೇಳಿದರೆ, ಆ ಹೊತ್ತಿನಲ್ಲಿ ನೀನು ಗಾಢ ನಿದ್ದೆಯಲ್ಲಿದ್ದೆ ಎಂದು ತೋರಿಸಿದಳು.

ಇಷ್ಟರಲ್ಲಿ ಒಂದು ವಿಷಯ ಮಾತ್ರ ನನಗೆ ಮೊದಲಿನಿಂದಲೂ ಹಿಡಿಸಲಿಲ್ಲ. ಬಹಳ ಹೊತ್ತು ಕೂತರೆ ಅದು ಜುಂ ಎಂದು ನಡುಗಿ ಒಂದು ಸಾಲು ತೋರಿಸುತ್ತದೆ. ಅಪ್ಪನಿಗೆ ಓದಲು ಸುಲಭವಾಗಲಿ ಎಂದು ಮಗಳು ಅದಕ್ಕೆ ಕನ್ನಡ ಹಾಕಿಕೊಟ್ಟಿದ್ದಳು. ಎದ್ದು ಓಡಾಡಿ ಎಂದು ಹೇಳಬೇಕಾದ ಆ ಯಂತ್ರ, ತನಗೆ ಬಂದ ಕನ್ನಡದಲ್ಲಿ ಹೀಗೆ ಬರೆಯುತ್ತಿತ್ತು: 'ಹೊರಡುವ ಸಮಯ.' ಮೊದಲ ಸಲ ಅದನ್ನು ನಾನು ಓದಿದ್ದು ಕೂಡ್ಲಿಗಿಯಲ್ಲಿ, ಗೆಳೆಯನೊಬ್ಬ ತೀರಿಕೊಂಡಾಗ ಅವನ ಮನೆಯವರನ್ನು ಮಾತಾಡಿಸಲು ಹೋಗಿದ್ದಾಗ. ಅವನ ಫೋಟೋದ ಮುಂದೆ ಕೂತಿದ್ದೆ, ಜುಂ ಎಂದಿತು, ನೋಡಿದೆ. ಪುಣ್ಯಕ್ಕೆ ಕನ್ನಡಕ ನನ್ನೊಬ್ಬನ ಮೂಗಿನ ಮೇಲಿತ್ತು.

ಆಮೇಲೆ ಕುಂಬಳಕಾಯಿ.

ನಮ್ಮ ಓಣಿಯ ತುದಿಗೆ ಹಿಟ್ಟಿನ ಗಿರಣಿ ಇದೆ. ಅದರ ಕಟ್ಟೆಯ ಮೇಲೆ ನಾವು ಕೆಲಸವಿಲ್ಲದ ಮುದುಕರು ಕೂರುತ್ತೇವೆ. ಗಿರಣಿಯವನು ಅಮಾವಾಸ್ಯೆಗೆ ಒಡೆಯಲು ಒಂದು ಬೂದುಗುಂಬಳಕಾಯಿ ತಂದಿಟ್ಟಿದ್ದ. ಮಷೀನಿಗೆ ದೃಷ್ಟಿ ತಾಗದಿರಲೆಂದು ಇಳಿ ತೆಗೆದು ಬಾಗಿಲ ಮುಂದೆ ಒಡೆಯುವುದು ಅವನ ಅಪ್ಪನ ಕಾಲದ ಪದ್ಧತಿ. ನಾನು ಬ್ಯಾಂಡು ಬಿಚ್ಚಿ ಕಾಯಿಯ ಮೇಲಿಟ್ಟು, ಮೇಲೊಂದು ಟವೆಲ್ ಬಿಗಿದು, ಸುಮ್ಮನೆ ಕಾದೆ. ಗಾಜಿನ ಮೇಲೆ ಅಂಕಿ ಬಂತು. ನನಗೆ ಬರುವ ಅಂಕಿಗಿಂತ ಸಮಾಧಾನದ ಅಂಕಿ. ಹಸಿರು ಬೆಳಕು ಎದುರಿಗೆ ಸಿಕ್ಕ ಯಾವುದಕ್ಕಾದರೂ ಬಡಿದು ತಿರುಗಿ ಬಂದರೆ ಆ ಪೆದ್ದು ಅದನ್ನೇ ನಾಡಿ ಅಂದುಕೊಳ್ಳುತ್ತದೆ, ಅಷ್ಟೇ. ಅದನ್ನು ನಾನು ಅವರಿಗೆ ಹೇಳಲಿಲ್ಲ.

"ಲೇ, ಇದಕ್ಕ ಜೀವ ಐತಲೇ!" ಎಂದ ಒಬ್ಬ.

"ಜೀವ ಐತಿ, ನಿನಗಿಂತ ತಂಪಾಗೈತಿ," ಎಂದೆ.

ಎಲ್ಲರೂ ನಕ್ಕರು. ಗಿರಣಿಯವನು ನಗಲಿಲ್ಲ. ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ತೆಗೆದುಕೊಂಡು ಹೋಗಿ, ಜೋಳದ ಚೀಲಗಳ ಮೇಲೆ ಮಲಗಿಸಿದ. "ಬಡೀತಿರೋದನ್ನ ಹೆಂಗ ಒಡೀಲಿ ಅಜ್ಜಾರ?" ಎಂದ. ಅಮಾವಾಸ್ಯೆ ಬಂದು ಹೋಯಿತು. ಕಾಯಿ ಒಡೆಯಲಿಲ್ಲ.

ಇಷ್ಟು ಒಳ್ಳೆಯ ಆಟ ಕೈಯಲ್ಲಿದ್ದಾಗ ಅಕ್ಕನಿಗೆ ತೋರಿಸದೆ ಇರಲು ಆಗುತ್ತದೆಯೇ? ಹಡಗಲಿ ಬಸ್ಸು ಹಿಡಿದು ಮಾಗಳಕ್ಕೆ ಹೋದೆ. ಅವ್ವ ಬೇಗ ಹೋದದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು ಅಕ್ಕನೇ. ಈಗಲೂ ಮನೆಯ ಯಜಮಾನಿಕೆ ಅವಳದೇ. ಮಗ ಕುರಿ ನೋಡಿಕೊಳ್ಳುತ್ತಾನೆ, ಸೊಸೆ ಮನೆ ನೋಡಿಕೊಳ್ಳುತ್ತಾಳೆ, ಇಬ್ಬರನ್ನೂ ಅಕ್ಕ ನೋಡಿಕೊಳ್ಳುತ್ತಾಳೆ. ಅವಳಿಗಿರುವುದು ಒಂದೇ ತೊಂದರೆ, ಬಿ.ಪಿ. ಒಮ್ಮೆ ಗುಳಿಗೆ ತಪ್ಪಿಸಿ ಹಿತ್ತಲಲ್ಲಿ ಬಿದ್ದಿದ್ದಳು. ಇನ್ನೊಮ್ಮೆ ತಪ್ಪಿಸಿದರೆ ಬಿದ್ದವಳು ಏಳುವುದಿಲ್ಲ ಎಂದು ಹಡಗಲಿಯ ಡಾಕ್ಟರು ಮುಖಕ್ಕೇ ಹೇಳಿದ್ದರು.

ನಾನು ಪಡಸಾಲೆಯಲ್ಲಿ ಕೂರುವ ಮೊದಲೇ ಅವಳ ಕಣ್ಣು ನನ್ನ ಕೈಯ ಮೇಲೆ ಬಿತ್ತು.

"ಏನೋ ತಮ್ಮ, ಏನದು? ದನದ ಕೊಳ್ಳಿಗೆ ಕಟ್ಟಿದಂಗ ಕಟ್ಕೊಂಡಿ?"

"ಮಗಳು ಕಟ್ಟ್ಯಾಳ ಅಕ್ಕ. ತಪ್ಪಿಸ್ಕೊಂಡ್ರ ಗೊತ್ತಾಗ್ಲಿ ಅಂತ."

"ಚಲೋ ಮಾಡ್ಯಾಳ. ಸಣ್ಣವಿದ್ದಾಗ ನಾನ ಕಟ್ಟಬೇಕಿತ್ತು."

ಕುರಿಹಟ್ಟಿಯ ಚಪ್ಪರದಿಂದ ಒಂದು ಕುಂಬಳಕಾಯಿ ಕೀಳಿಸಿ, ಟವೆಲ್ ಬಿಗಿದು, ನಾಡಿ ತೋರಿಸಿದೆ. ಅಕ್ಕನ ಮಗ, ಅಂದರೆ ನನ್ನ ಅಳಿಯ, ಬಾಯಿ ಬಿಟ್ಟ. ಅವನ ಹೆಂಡತಿ ಕೈ ಮುಗಿದಳು. ಅಕ್ಕ ಮಾತ್ರ, "ಬಳ್ಳಿಗೆ ಇದ್ದ ಜೀವ ಕಾಯಿಗೆ ಇರಂಗಿಲ್ಲೇನೋ? ಇದೊಂದು ದೊಡ್ಡ ಸುದ್ದಿ ಅಂತ ಬಸ್ ಹತ್ತಿ ಬಂದ್ಯಾ? ನನಗ ಕಟ್ಟು. ನನಗೆಷ್ಟೈತಿ ನೋಡಾನ," ಎಂದು ಕೈ ಚಾಚಿದಳು.

ಅಕ್ಕನ ಕೈ ನೀವು ನೋಡಬೇಕು. ಮಣಿಕಟ್ಟಿನಿಂದ ಮೊಳಕೈ ತನಕ ಹಸಿರು ಹಚ್ಚೆ: ತೊಟ್ಟಿಲು, ಚೇಳು, ಬಾಳೆಗೊನೆ, ಮಣಿಕಟ್ಟಿಗೆ ಬಳೆಯ ಹಾಗೆ ಸುತ್ತಲೂ ತುಂಬಿಸಿದ ದಪ್ಪ ಪಟ್ಟಿ. ಆ ಪಟ್ಟಿಯ ಮೇಲೆಯೇ ಬ್ಯಾಂಡು ಕಟ್ಟಿದೆ. ಹಸಿರು ದೀಪ ಮಿನುಗಿತು. ಗಾಜಿನ ಮೇಲೆ ಅಂಕಿ ಬರಲಿಲ್ಲ. ಎರಡು ಸಣ್ಣ ಗೆರೆ ಬಂದವು, ಅಷ್ಟೇ.

ಬಿಗಿ ಮಾಡಿದೆ. ಗೆರೆ. ಸಡಿಲ ಮಾಡಿದೆ. ಗೆರೆ. ಗಾಜನ್ನು ಪಂಚೆಗೆ ಒರೆಸಿ ಇನ್ನೊಂದು ಕೈಗೆ ಕಟ್ಟಿದೆ. ಆ ಕೈಗೂ ಹಚ್ಚೆ, ಆ ಕೈಗೂ ಗೆರೆ. ಕುಂಬಳಕಾಯಿ ಪಕ್ಕದಲ್ಲೇ ಕೂತಿತ್ತು.

"ಯಾಕೋ ಸುಮ್ನಾದಿ?"

"ಚಾರ್ಜ್ ಮುಗದೈತಿ ಅಕ್ಕ."

"ಕಾಯಿಗೆ ಇದ್ದ ಚಾರ್ಜು ನನಗ ಮುಗೀತೇನು?"

ಆಗಲೇ ಅವಳ ಕೈಯಲ್ಲಿ ಅದು ಜುಂ ಎಂದಿತು. ಅಕ್ಕ ಚೇಳು ಕುಟುಕಿದ ಹಾಗೆ ಕೈ ಕೊಡವಿದಳು. ಎಲ್ಲರ ಮುಖ ಬಿಗಿದಿತ್ತು, ಸಡಿಲ ಮಾಡೋಣವೆಂದು ನಾನು ಎದ್ದು ನಿಂತು, ನನ್ನ ಮೈಕಿನ ದನಿ ತೆಗೆದು, "ಸದ್ದಲೇ!" ಎಂದು ಕೂಗಿದೆ. ಗಾಜಿನ ಮೇಲಿದ್ದದ್ದನ್ನು ಓದಿದೆ: "ಹೊರಡುವ ಸಮಯ!"

ಯಾರೂ ನಗಲಿಲ್ಲ.

ಬೇರೆ ಕಡೆಯವರಿಗೆ ಹೇಳುತ್ತೇನೆ. ಇಲ್ಲೇ ಹಡಗಲಿ ಸೀಮೆಯ ಮೈಲಾರದಲ್ಲಿ ವರ್ಷಕ್ಕೊಮ್ಮೆ ದೇವರ ಸೇವೆಯ ಗೊರವಯ್ಯ ಎತ್ತರದ ಬಿಲ್ಲು ಏರಿ 'ಸದ್ದಲೇ', ಅಂದರೆ ಸದ್ದು ಮಾಡಬೇಡಿ, ಎನ್ನುತ್ತಾನೆ. ನೆರೆದ ಮಂದಿ ಉಸಿರು ಹಿಡಿಯುತ್ತಾರೆ. ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಅದು ಕಾರ್ಣಿಕ. ಮಳೆಯೋ ಬೆಳೆಯೋ ಸಾವೋ, ಆ ಸಾಲಿನ ಅರ್ಥವನ್ನು ಜನ ವರ್ಷವಿಡೀ ಬಿಡಿಸುತ್ತಾರೆ. ನಮ್ಮದು ಮೈಲಾರಲಿಂಗನ ಒಕ್ಕಲು. ಆ ಮನೆಯಲ್ಲಿ 'ಸದ್ದಲೇ' ಎಂದು ಕೂಗಿ ಒಂದು ಸಾಲು ಹೇಳಿದ ಮೇಲೆ, ಅದನ್ನು ನುಂಗಲು ಬರುವುದಿಲ್ಲ.

"ಇನ್ನೊಮ್ಮಿ ಓದು ಮಾವ," ಎಂದಳು ಸೊಸೆ, ಮೆಲ್ಲಗೆ.

"ಕಾರ್ಣಿಕ ಎರಡು ಸಲ ಹೇಳಂಗಿಲ್ಲ," ಎಂದಳು ಅಕ್ಕ. ಬ್ಯಾಂಡು ತಾನೇ ಬಿಚ್ಚಿ, ಕಣ್ಣಿಗೊತ್ತಿಕೊಂಡು, ದೇವರ ಜಗಲಿಯ ಮೇಲೆ ಭಂಡಾರದ ಅರಿಶಿನವಿದ್ದ ಬಟ್ಟಲ ಪಕ್ಕದಲ್ಲಿ ಇಟ್ಟಳು. ಆ ಹೊತ್ತಿನ ಗುಳಿಗೆ ಸೊಸೆ ತಂದಾಗ ಕೈ ಅಡ್ಡ ಮಾಡಿದಳು. "ಹೊಂಟೋರಿಗೆ ಗುಳಿಗಿ ಯಾಕವ್ವಾ? ಇಟ್ಟಿರು, ಯಾರಿಗರ ಆದೀತು."

ನಾನು ನಕ್ಕೆ. ಬೈದೆ. ಆಣೆ ಮಾಡಿದೆ. ಅದು ಎದ್ದು ಓಡಾಡು ಎನ್ನುವ ಮಾತು, ಕುಂಬಳಕಾಯಿಯದು ಕಣ್ಕಟ್ಟು, 'ಸದ್ದಲೇ' ಅಂದದ್ದು ಚೇಷ್ಟೆ ಎಂದೆ. ಅಳಿಯ ನನ್ನನ್ನು ಹಟ್ಟಿಯ ಹತ್ತಿರ ಕರೆದ.

"ಮಾವ, ಮೊಸಳಿ ಬಂತು ಅಂತ ಕೂಗಿದ ದಿನ ನಿನ್ನ ಮಾರಿ ಒಳಗೊಳಗ ನಗತಿತ್ತು. ನಾ ನೋಡೇನಿ. ಇವತ್ತು ನಗವಲ್ದು. ನಮಗ ಧೈರ್ಯ ಹೇಳಾಕ ಈಗ ಸುಳ್ಳು ಹೇಳಾಕತ್ತಿ. ನಿಜ ಹೇಳು, ಅವ್ವಗ ನಾಡಿ ಇಲ್ಲೇನು?"

ಜೀವಮಾನದಲ್ಲಿ ಮೊದಲ ಸಲ ಬರೀ ನಿಜ ಹೇಳುತ್ತಿದ್ದೆ. ನನ್ನ ಮುಖವೇ ನನಗೆ ವಿರುದ್ಧ ಸಾಕ್ಷಿ ಹೇಳಿತು.

ಮರುದಿನವೂ ಅಕ್ಕ ಗುಳಿಗೆ ಮುಟ್ಟಲಿಲ್ಲ. ಟ್ರಂಕಿನ ಬೀಗದ ಕೈ ಸೊಸೆಗೆ ಕೊಟ್ಟಳು. ಕಿವಿ ಕಪ್ಪಗಿರುವ ಕುರಿಯನ್ನು ಮಾರಬಾರದು, ಹೊಸ ಕಂಬಳಿಯನ್ನು ತನ್ನ ಮೇಲೆ ಹೊದಿಸಿ ಹಾಳು ಮಾಡಬಾರದು, ಹಳೆಯದು ಸಾಕು ಎಂದು ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಕೆಂಪಾಗಿತ್ತು, ಗೋಡೆ ಹಿಡಿದು ನಡೆಯುತ್ತಿದ್ದಳು. ಹಡಗಲಿ ದವಾಖಾನೆಗೆ ಹೋಗೋಣವೆಂದು ಅಳಿಯ ಟಂಟಂ ಆಟೋ ತಂದು ನಿಲ್ಲಿಸಿದರೆ, ಹೋಗುವ ದಾರಿ ಅದಲ್ಲ ಎಂದಳು.

ನಾನು ಬ್ಯಾಂಡನ್ನು ನನಗೆ ಕಟ್ಟಿ ತೋರಿಸಿದೆ, ಅಂಕಿ ಬಂತು. ಸೊಸೆಗೆ ಕಟ್ಟಿದೆ, ಅಂಕಿ ಬಂತು. ಅಳಿಯನಿಗೂ ಬಂತು. ಅಕ್ಕನಿಗೆ ಮತ್ತೆ ಕಟ್ಟಿದೆ. ಎರಡು ಗೆರೆ. ಒಂದೊಂದು ಪರೀಕ್ಷೆಯೂ ಅವಳನ್ನು ಇನ್ನೊಂದು ಮೆಟ್ಟಿಲು ಕೆಳಗಿಳಿಸಿತು. ಕೊನೆಗೆ ನಾನೇ ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವ ಸ್ಥಿತಿಗೆ ಬಂದೆ. ಅವಳು ಎಚ್ಚರವಾಗಿದ್ದು ನನ್ನನ್ನೇ ನೋಡುತ್ತಿದ್ದಳು.

"ಐತೇನೋ?" ಎಂದಳು.

ಹಿತ್ತಲಿಗೆ ಹೋಗಿ ಮಗಳಿಗೆ ಫೋನ್ ಮಾಡಿದೆ.

"ಅಪ್ಪಾ, ಅತ್ತಿ ಕೈತುಂಬಾ ಹಚ್ಚಿ ಅಲ್ಲೇನು?" ಎಂದಳು. "ಹಚ್ಚಿ ಮ್ಯಾಲೆ ಅದರ ಬೆಳಕು ಒಳಗ ಹೋಗಂಗಿಲ್ಲ. ಡಬ್ಬಿಯಾಗಿನ ಕಾಗದದಾಗ ಬರದಿತ್ತು, ನೀನು ಓದದೇ ಒಗದಿ. ಹಚ್ಚಿ ಇಲ್ಲದ ಕಡೆ ಕಟ್ಟು. ಕಾಲಿಗೆ ಕಟ್ಟಿ ನೋಡು. ಮದ್ಲು ಗುಳಿಗಿ ನುಂಗಸು."

ಓಡಿ ಬಂದೆ. "ಅಕ್ಕಾ, ಕಾಲು ಚಾಚು!"

ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ನುಡಿ ಕೊಟ್ಟ ವಸ್ತು ಅದು. ಭಂಡಾರದ ಪಕ್ಕ ಇಟ್ಟೇನಿ. ಕಾಲಿಗೆ ಕಟ್ತಿಯೇನೋ, ಬುದ್ಧಿ ಐತಿಲ್ಲ ನಿನಗ?"

ನೋಡಿದಿರಾ? ಔಷಧಿ ಕೈಯಲ್ಲಿತ್ತು, ಕುಡಿಸಲು ಬಾಯಿ ಇರಲಿಲ್ಲ. ನಾನು ನೆಲದ ಮೇಲೆ ಕೂತೆ. ಆ ಹೊತ್ತಿಗೆ ಸುದ್ದಿ ಕೇಳಿ ಎದುರುಮನೆಯ ಮುದುಕಿ ಒಳಗೆ ಬಂದಳು. ನಡುಗೋಡೆಯ ವಿಷಯಕ್ಕೆ ಅಕ್ಕನಿಗೂ ಅವಳಿಗೂ ನಾನು ಮೀಸೆ ಬರದ ಕಾಲದಿಂದ ಜಗಳ. ಸಾಯುವವಳನ್ನು ನೋಡಿ ಹೋಗೋಣವೆಂದು ಬಂದವಳು, ನೋಡುತ್ತಲೇ ಬೈಯಲು ಶುರು ಮಾಡಿದಳು.

"ಏನವ್ವಾ, ಗ್ವಾಡಿ ತೀರುವಳಿ ಆಗದಂಗ ಎಲ್ಲಿಗೆ ಹೊಂಟಿ? ನಾ ಯಾರ ಸಂಗಾಟ ಜಗಳಾಡ್ಲಿ?"

ಬೈಯುತ್ತ ಬೀಸಿದ ಅವಳ ಕೈ ನೋಡಿದೆ. ಮಣಿಕಟ್ಟಿನ ತುಂಬ ಹಸಿರು. ಎದ್ದವನೇ, ಅವಳು ಬಾಯಿ ಮುಚ್ಚುವ ಮೊದಲು ಬ್ಯಾಂಡು ಬಿಗಿದುಬಿಟ್ಟೆ. ಎರಡು ಗೆರೆ.

"ಇಕೀಗೂ ನಾಡಿ ಇಲ್ಲ!" ಎಂದು ಕೂಗಿದೆ.

ಆ ಮುದುಕಿ ಕಿರುಚಿದ್ದು ಹೊಳೆಯ ದಂಡೆಗೆ ಕೇಳಿಸಿರಬೇಕು. ಓಣಿಯ ಹೆಂಗಸರೆಲ್ಲ ಬಂದರು. ಅವರಲ್ಲಿ ಹಚ್ಚೆಯ ಕೈಯವರನ್ನು ಒಬ್ಬೊಬ್ಬರನ್ನೇ ಹಿಡಿದು ಕಟ್ಟಿದೆ. ಒಬ್ಬಳಿಗೆ ಗೆರೆ. ಇನ್ನೊಬ್ಬಳಿಗೆ ಗೆರೆ. ಕೋಲೂರಿಕೊಂಡು ಬಂದವಳಿಗೆ ಗೆರೆ. ಪಡಸಾಲೆಯಲ್ಲಿ ನಾಡಿ ಇಲ್ಲದ ಮುದುಕಿಯರು ಸಾಲಾಗಿ ಕೂತು, ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನನ್ನ ಲೆಕ್ಕ ತಪ್ಪಿತ್ತು. ಇದನ್ನು ನೋಡಿ ನಗುತ್ತಾರೆ ಅಂದುಕೊಂಡಿದ್ದೆ. ಒಬ್ಬಳು ಅಳಲು ಶುರು ಮಾಡಿದಳು. ಓಣಿಗೇ ಒಮ್ಮೆಗೆ ಕರೆ ಬಂದಿದೆ ಎಂದು ಬಾಗಿಲಲ್ಲಿ ಯಾರೋ ಪಿಸುಗುಟ್ಟಿದರು. ಒಂದು ಗಳಿಗೆ ನನಗೂ ಹಾಗೆಯೇ ಅನ್ನಿಸಿತು.

ಆಗ ಅಕ್ಕ ಗೋಡೆ ಹಿಡಿದು ಎದ್ದಳು. ಎದುರುಮನೆಯವಳ ಹತ್ತಿರ ಬಂದು, ಅವಳ ಕೈಯನ್ನೂ ತನ್ನ ಕೈಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

"ಇಕಿ ಸತ್ತಾಳಂದ್ರ ನಾ ನಂಬಂಗಿಲ್ಲ," ಎಂದಳು. "ಈಗಿನ್ನಾ ನನ್ನ ಬೈದಾಳ."

"ಹಚ್ಚಿ ಅಕ್ಕ, ಹಚ್ಚಿ! ಅದರ ದೀಪ ಹಚ್ಚಿ ದಾಟಂಗಿಲ್ಲ!" ಎಂದೆ.

ಅಕ್ಕ ತನ್ನ ಮಣಿಕಟ್ಟನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಹಾಕಿಸುವಾಗ ಅತ್ತಿದ್ದೆ. ಅವ್ವ ಹೇಳಿದ್ಲು, ಸತ್ತ ಮ್ಯಾಲೆ ಬಂಗಾರ ಬಿಚ್ಕೊಂತಾರ, ಬಳಿ ಬಿಚ್ಕೊಂತಾರ, ಇದೊಂದ ಜೊತಿಗೆ ಬರಾದು ಅಂತ. ಬರೇ ಜೊತಿಗೆ ಬರಾದಲ್ಲ ಇದು. ಅಡ್ಡ ನಿಂತೈತಿ. ಹುಡುಕ್ಕೊಂಡು ಬಂದೋನಿಗೆ ನಮ್ಮ ಜೀವ ಕಾಣವಲ್ದು ನೋಡ್ರೇ."

ಮುದುಕಿಯರು ತಮ್ಮ ತಮ್ಮ ಕೈ ನೋಡಿಕೊಂಡರು. ಅಳುತ್ತಿದ್ದವಳು ಮೂಗು ಒರೆಸಿಕೊಂಡಳು. ಮಗಳು ಹೇಳಿದ್ದೂ ಅದನ್ನೇ, ಅಕ್ಕ ಹೇಳಿದ್ದೂ ಅದನ್ನೇ. ಆದರೆ ಅಕ್ಕ ಹೇಳಿದ ಮೇಲೆ ಮನೆಯೊಳಗೆ ಗಾಳಿ ಆಡಿತು.

"ಹಂಗಾರ ಆ ನುಡಿ ಯಾರಿಗೆ ಅಂದದ್ದು?" ಎಂದು ಕೇಳಿದಳು ಎದುರುಮನೆಯವಳು. ಅವಳು ಯಾವುದನ್ನೂ ಬಿಡುವವಳಲ್ಲ.

ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಬೋಳು ಮಣಿಕಟ್ಟನ್ನು ನೋಡಿದಳು. "ನಮಗಲ್ಲ. ಯಾರ ಕೈಯಾಗಿಂದ ಬಂತೋ ಅವರಿಗೆ," ಎಂದಳು. ಎಂದು, ನಕ್ಕಳು. ಆಮೇಲೆ ಸೊಸೆಗೆ, "ನೀರು ತಾ. ಗುಳಿಗಿ ತಾ," ಎಂದಳು.

ನುಂಗುವ ತನಕ ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಎರಡು ದಿನಕ್ಕೆ ಕಣ್ಣಿನ ಕೆಂಪು ಇಳಿಯಿತು. ನಡುಗೋಡೆಯ ಜಗಳ ಮತ್ತೆ ಕೇಳಿಸಿದ ಮೇಲೆ ನಾನು ಬಸ್ಸು ಹತ್ತಿದೆ.

ಕೊಟ್ಟೂರಿಗೆ ಬಂದಾಗ ಗಿರಣಿಯವನು ಕಾದಿದ್ದ. ಕಾಯಿ ಚೀಲಗಳ ಮೇಲೆ ಹಾಗೆಯೇ ಇತ್ತು. ತಳ ಮೆತ್ತಗಾಗಿ, ಹಳದಿ ನೀರು ಚೀಲಕ್ಕೆ ಇಳಿದಿತ್ತು. "ಅಜ್ಜಾರ, ಇನ್ನೊಮ್ಮಿ ಕಟ್ಟಿ ನೋಡ್ರಿ. ಹೋಗೈತಿ ಅಂದ್ರ ಮಣ್ಣು ಮಾಡ್ತೀನಿ," ಎಂದ. ಕಟ್ಟಿದೆ. ಅಂಕಿ ಬಂತು. ಅದೇ ಸಮಾಧಾನದ ಅಂಕಿ. ಕೊಳೆತು ನೀರಾಗುತ್ತಿರುವ ಕಾಯಿಗೆ.

ಅವತ್ತಿನಿಂದ ನನ್ನ ಕೈಯಲ್ಲಿ ಬರುವ ಅಂಕಿ ನೋಡಿದಾಗಲೆಲ್ಲ ಆ ಚೀಲ ನೆನಪಾಗುತ್ತದೆ. ಕಾಯಿಗೆ ಬರುವ ಅಂಕಿ ನನಗೂ ಬಂದರೆ ಅದರಿಂದ ಏನು ಗೊತ್ತಾಯಿತು? ಬಿಚ್ಚಿಡೋಣವೆಂದರೆ ಮಗಳು ಫೋನ್ ಮಾಡುತ್ತಾಳೆ. ಬೇಕಿದ್ದರೆ ಬೇರೆ ಭಾಷೆ ಹಾಕಿಕೊಡುತ್ತೇನೆ ಎಂದಳು. ಬೇಡ, ಹೇಳುವುದನ್ನು ನನ್ನ ಭಾಷೆಯಲ್ಲೇ ಹೇಳಲಿ ಎಂದೆ. ಈಗ ಅದು ಜುಂ ಎನ್ನುವ ಮೊದಲೇ ಎದ್ದು ನಡೆಯುತ್ತೇನೆ. ಕಟ್ಟೆಯ ಗೆಳೆಯರು ನಾನು ಆರೋಗ್ಯವಂತನಾದೆ ಎಂದು ಹೊಟ್ಟೆಕಿಚ್ಚು ಪಡುತ್ತಾರೆ. ಪಡಲಿ.

ಹೋದ ತಿಂಗಳು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹತ್ತಿರ ಒಬ್ಬ ಮಷೀನಿನಲ್ಲಿ ಹಚ್ಚೆ ಹಾಕುತ್ತಾನೆ. ಕೈ ಚಾಚಿದೆ.

"ಏನ್ ಬರೀಲಿ ಅಜ್ಜಾ? ಅಜ್ಜಿ ಹೆಸರಾ?"

"ಹೆಸರು ಬ್ಯಾಡ, ಚಿತ್ರ ಬ್ಯಾಡ. ಸುತ್ತಲೂ ತುಂಬಿಸಿಬಿಡು. ಬೆಳಕು ಒಳಗ ಹೋಗಬಾರದು, ಹಂಗ."

ಅವನು ನನ್ನ ಮುಖ ನೋಡಿ, "ಸಕ್ಕರಿ ಐತೇನಜ್ಜಾ?" ಎಂದ. ಐತಿ ಎಂದೆ. ಗಾಯ ಮಾಯುವುದಿಲ್ಲ, ಬೇಡ ಎಂದು ಮಷೀನು ಎತ್ತಿಟ್ಟ.

ಬೋಳು ಕೈಯಲ್ಲೇ ತಿರುಗಿ ಬಂದೆ. ಇಷ್ಟೇ ಆದದ್ದು. ಕಾಯಿ ನಿಜ, ಗೆರೆ ನಿಜ, ಓಣಿಯ ಮುದುಕಿಯರು ನಿಜ, ಯಾರನ್ನು ಬೇಕಾದರೂ ಕೇಳಿ. ಒಂದೇ ಒಂದು ಕಡೆ, ಓದುವ ನಿಮಗೂ ಬರೆಯುವ ನನಗೂ ಹಗುರಾಗಲಿ ಎಂದು, ನನ್ನ ಕೈಯಿಂದ ಒಂದು ಮಾತು ಸೇರಿಸಿದ್ದೇನೆ. ಯಾರ ಕೈಯಿಂದ ಬಂತೋ ಅವರಿಗೆ ಎಂದು ಹೇಳಿ ಅಕ್ಕ ನಕ್ಕಳು ಎಂದೆನಲ್ಲ, ಅದು ಸುಳ್ಳು. ಅವಳು ನಗಲಿಲ್ಲ.